ಬಣ್ಣ ಎದ್ದ ಕಿಟಕಿ: ಹೊಸ ಡಬ್ಬಿ ತರುವ ಮೊದಲು ಸಿಪ್ಪೆಯ ಬೆನ್ನು ನೋಡಿ

ಮಲೆನಾಡಿನ ನಮ್ಮ ಮನೆಗೆ ಎರಡು ದೊಡ್ಡ ಕಿಟಕಿಗಳಿವೆ. ಒಂದು ಮೂಡಲಿಗೆ, ಇನ್ನೊಂದು ಪಡುವಣಕ್ಕೆ. ಎರಡಕ್ಕೂ ಒಂದೇ ಹಲಸಿನ ಮರ. ಮಾಡಿದವರು ಒಬ್ಬರೇ ಆಚಾರರು. ಒಂದೇ ಡಬ್ಬಿಯ ಹಸಿರು ಎನಾಮೆಲ್, ಬಳಿದದ್ದೂ ಒಂದೇ ವಾರದಲ್ಲಿ. ಮೂಡಲ ಕಿಟಕಿ ಗಟ್ಟಿಮುಟ್ಟಾಗಿ ಉಳಿಯಿತು. ಪಡುವಣದ್ದು ಮಾತ್ರ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಹಾವಿನಂತೆ ಪೊರೆ ಬಿಡತೊಡಗಿತು.

ಅಂಗಡಿಯವರನ್ನು ಕೇಳಿದರೆ, ಪೇಂಟ್ ಹೊಡೆದವರು ಸರಿಯಿಲ್ಲ ಎಂದರು. ಪೇಂಟ್ ಹೊಡೆದವರು ಮರ ಸರಿಯಿಲ್ಲ ಎಂದರು. ಆಚಾರರು ಬಣ್ಣವೇ ಸರಿಯಿಲ್ಲ ಎಂದರು. ನಾನು ಮೂವರ ಮಾತನ್ನೂ ಕೇಳಿ, ಮರುವರ್ಷ ಇನ್ನೂ ಜಾಸ್ತಿ ಬೆಲೆಯ ಡಬ್ಬಿ ತಂದು ಬಳಿಸಿದೆ. ಆರಿದ್ರಾ ಮಳೆ ಹಿಡಿದು ಹದಿನೈದು ದಿನಕ್ಕೆ ಅದೂ ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನನ್ನ ಕತೆ. ಬಣ್ಣವೇ ಕೆಟ್ಟದ್ದಾಗಿದ್ದರೆ ಮೂಡಲ ಕಿಟಕಿಯದೂ ಏಳಬೇಕಿತ್ತು ಅಲ್ವಾ? ಈ ಸಣ್ಣ ಪ್ರಶ್ನೆ ಹೊಳೆಯಲು ನನಗೆ ಎರಡು ಡಬ್ಬಿ ಖರ್ಚಾಯಿತು.

ಆಮೇಲೆ ಕೂತು ಒಂದೊಂದಾಗಿ ಹುಡುಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಿಟಕಿ, ದಾರಂದ, ಜಗಲಿ ಕಂಬ, ಗೇಟು, ಅಂಗಳದ ಬೆಂಚು, ಹೀಗೆ ಮಳೆ-ಬಿಸಿಲಿಗೆ ಒಡ್ಡಿಕೊಂಡ ಯಾವ ಮರಕ್ಕಾದರೂ ಇದು ಹೊಂದುತ್ತದೆ.

ಮೊದಲ ಐದು ನಿಮಿಷ

ಮಳೆ ಇಲ್ಲದ ದಿನ ನೋಡಿ. ಬಣ್ಣ ಎದ್ದಿರುವ ಕಡೆ ಉಗುರು ಹಾಕಿ, ಹೆಬ್ಬೆರಳಿನಷ್ಟು ದೊಡ್ಡ ಚಕ್ಕೆಯೊಂದನ್ನು ಮುರಿಯದ ಹಾಗೆ ಬಿಡಿಸಿ. ಅಂಗೈ ಮೇಲೆ ಬೋರಲು ಹಾಕಿ ಬೆಳಕಿಗೆ ಹಿಡಿಯಿರಿ. ಎಲ್ಲರೂ ಚಕ್ಕೆಯ ಮುಖ ನೋಡುತ್ತಾರೆ. ವಿಷಯ ಇರುವುದು ಬೆನ್ನಿನಲ್ಲಿ.

ಬೆನ್ನಿಗೆ ಬೂದು ಬಣ್ಣದ ನವಿರಾದ ನಾರು ಅಂಟಿದೆಯೇ? ಹಾಗಿದ್ದರೆ ಬಣ್ಣ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಮರವನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಅದು ಹಿಡಿದುಕೊಂಡ ಮರದ ಮೇಲ್ಪದರವೇ ಸತ್ತಿತ್ತು. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಲಿಗ್ನಿನ್ ಎಂಬ ವಸ್ತು. ಬಿಸಿಲಿನ ನೇರಳಾತೀತ ಕಿರಣ ಅದನ್ನು ಒಡೆಯುತ್ತದೆ. ಬಣ್ಣವಿಲ್ಲದ ಬರಿ ಮರ ಎರಡು-ಮೂರು ವಾರ ಬಿಸಿಲಿಗೆ ಬಿದ್ದರೂ ಸಾಕು, ಮೇಲ್ಪದರದ ಹಿಡಿತ ಸಡಿಲವಾಗುತ್ತದೆ. ಹೊಸ ಮನೆಗಳಲ್ಲಿ ಇದೇ ಆಗುವುದು. ದಾರಂದ ನಿಲ್ಲಿಸುತ್ತಾರೆ, ಗೋಡೆ ಏಳುತ್ತದೆ, ಗಿಲಾಯಿ ಆಗುತ್ತದೆ, ಮರ ಆರು ತಿಂಗಳು ಬಿಸಿಲು ಕಾಯುತ್ತದೆ. ಕಟ್ಟಕಡೆಗೆ ಗೃಹಪ್ರವೇಶದ ಹಿಂದಿನ ವಾರ ಬಣ್ಣ. ಅಂಥ ಮರವನ್ನು ಒಳಗಿನ ಗಟ್ಟಿ ಮರದ ತಾಜಾ ಮೈ ಕಾಣುವವರೆಗೂ ಉಜ್ಜದೆ ಏನು ಬಳಿದರೂ ನಿಲ್ಲುವುದಿಲ್ಲ.

ಬೆನ್ನು ನುಣ್ಣಗಿದ್ದು, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಚಕ್ಕೆಯ ಜೊತೆಗೇ ಬಂದಿದೆಯೇ? ಕೆಳಗೆ ಬರಿ ಮರ ಕಾಣುತ್ತಿದೆಯೇ? ಹಾಗಾದರೆ ಪ್ರೈಮರ್‌ಗೆ ಮರ ಹಿಡಿಯಲು ಸಿಕ್ಕೇ ಇಲ್ಲ. ನಡುವೆ ನೀರಿತ್ತು, ಎಣ್ಣೆ ಇತ್ತು, ಇಲ್ಲವೇ ಧೂಳಿತ್ತು. ಯಾವುದು ಎಂದು ತಿಳಿಯಲು ಆ ಜಾಗ ಒಣಗಿದ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಹನಿ ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಂತರೆ ಎಣ್ಣೆ ಅಥವಾ ಮೇಣ. ಒಂದೆರಡು ನಿಮಿಷದಲ್ಲಿ ಹರಡಿ ಇಂಗಿದರೆ ಮರದಲ್ಲಿ ಎಣ್ಣೆಯ ಕಾಟವಿಲ್ಲ, ಅನುಮಾನ ನೀರಿನ ಕಡೆಗೆ ಹೋಗಬೇಕು.

ಮರವೇ ಕಾಣದೆ, ಹೊಸ ಬಣ್ಣ ಹಳೆ ಬಣ್ಣದಿಂದ ಬಿಟ್ಟು ಬಂದಿದ್ದರೆ ತೊಂದರೆ ಸಣ್ಣದು. ಹೊಳೆಯುವ ಹಳೆ ಎನಾಮೆಲ್ ಅನ್ನು ಉಜ್ಜದೆ ಅದರ ಮೇಲೇ ಬಳಿದಿದ್ದಾರೆ. ಇಲ್ಲವಾದರೆ ಹಳೆಯದು ಪುಡಿ ಬಿಡುತ್ತಿತ್ತು. ಕಪ್ಪು ಬಟ್ಟೆಯಲ್ಲಿ ಹಳೆ ಬಣ್ಣವನ್ನು ಒಮ್ಮೆ ಒರೆಸಿ. ಸೀಮೆಸುಣ್ಣ ಒರೆಸಿದ ಹಾಗೆ ಪುಡಿ ಬಂದರೆ ಅದೇ. ರಾಯಚೂರು, ಕಲಬುರಗಿ ಕಡೆಯ ಬಿಸಿಲಿನಲ್ಲಿ ಮಳೆಗಿಂತ ಈ ಪುಡಿಯ ಕಾಟವೇ ಜಾಸ್ತಿ.

ಪುಟ್ಟಿ ಸಮೇತ ದಪ್ಪ ಚಕ್ಕೆಯಾಗಿ ಬಿದ್ದಿದ್ದರೆ ಬಿದ್ದ ತುಂಡನ್ನು ನೋಡಿ. ಬೆಳ್ಳಗೆ ಕಲ್ಲಿನ ಹಾಗಿದೆಯೇ? ಗೋಡೆಗೆ ಹಚ್ಚಿ ಉಳಿದ ಸಿಮೆಂಟ್ ಪುಟ್ಟಿಯನ್ನು ಯಾರೋ ಮರಕ್ಕೂ ಮೆತ್ತಿದ್ದಾರೆ. ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಸಿಮೆಂಟ್ ಅಲುಗಾಡುವುದಿಲ್ಲ. ಕಬ್ಬಿಣಕ್ಕೆ ತಂದ ರೆಡ್ ಆಕ್ಸೈಡ್ ಉಳಿದಿದೆ ಎಂದು ಕಿಟಕಿಗೆ ಬಳಿಯುವುದೂ ಇದೇ ಜಾತಿಯ ಉಳಿತಾಯ.

ನನ್ನ ಪಡುವಣ ಕಿಟಕಿಯ ಚಕ್ಕೆ ಅಂಗೈ ಮೇಲೆ ಕೂತಾಗ ಅದರ ಬೆನ್ನು ತಿಳಿ ಗುಲಾಬಿಯಾಗಿತ್ತು. ಪ್ರೈಮರ್ ಪೂರ್ತಿ ಬಂದಿತ್ತು. ಒಂದು ಎಳೆ ನಾರೂ ಇರಲಿಲ್ಲ. ಮೂಗಿನ ಹತ್ತಿರ ತಂದರೆ ಮಳೆಗಾಲದ ಕಟ್ಟಿಗೆ ಕೊಟ್ಟಿಗೆಯ ಮುಗ್ಗಲು ವಾಸನೆ. ಚಕ್ಕೆ ಬಿಟ್ಟ ಜಾಗದ ಹಲಸು ಹಳದಿಯಾಗಿರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು. ಮಳೆ ನಿಂತು ನಾಲ್ಕು ದಿನವಾಗಿದ್ದರೂ ಬೆರಳಿಗೆ ತಂಪು ತಗುಲುತ್ತಿತ್ತು.

ಗುಳ್ಳೆ ಎದ್ದಿದ್ದರೆ

ಚಕ್ಕೆ ಏಳುವ ಮೊದಲು ಗುಳ್ಳೆ ಬರುತ್ತದೆ. ಬ್ಲೇಡಿನಲ್ಲಿ ಒಂದು ಗುಳ್ಳೆ ಕೊಯ್ದು ನೋಡಿ. ಒಳಗೆ ಬರಿ ಮರ ಕಂಡರೆ ನೀರು ಒಳಗಿನಿಂದ ತಳ್ಳುತ್ತಿದೆ. ಒಳಗೆ ಇನ್ನೊಂದು ಪದರ ಬಣ್ಣವೇ ಕಂಡರೆ ಅದು ಬಿಸಿಲಿನ ಗುಳ್ಳೆ. ಮಟಮಟ ಮಧ್ಯಾಹ್ನ ಕಾದ ಮರದ ಮೇಲೆ ಬಳಿದಾಗ ಮೇಲಿನ ಪದರ ಕೂಡಲೇ ಒಣಗಿ ತಿನ್ನರ್ ಒಳಗೇ ಸಿಕ್ಕಿಕೊಳ್ಳುತ್ತದೆ. ಕಡು ಬಣ್ಣಗಳಲ್ಲಿ ಇದು ಜಾಸ್ತಿ, ಅವು ಬಿಸಿಲನ್ನು ಹೀರಿ ಬೇಗ ಕಾಯುತ್ತವೆ. ಇದಕ್ಕೆ ದೊಡ್ಡ ಮದ್ದೇನೂ ಬೇಡ. ಉಜ್ಜಿ, ನೆರಳು ಬಂದ ಮೇಲೆ ಬಳಿದರಾಯಿತು. ಹೊರಗಿನ ಕೆಲಸದಲ್ಲಿ ಬಿಸಿಲು ದಾಟಿಹೋದ ಕಡೆ ಬಳಿಯಬೇಕು, ಬಿಸಿಲು ಬಿದ್ದಿರುವ ಕಡೆ ಅಲ್ಲ.

ಗೀರುಗೀರಾಗಿ ಹಾಲಿನ ಮೇಲಿನ ಕೆನೆಯ ಹಾಗೆ ಸುಕ್ಕಾಗಿದ್ದರೆ ಒಂದೇ ಕೈಯಲ್ಲಿ, ಅಂದರೆ ಒಂದೇ ಪದರದಲ್ಲಿ, ದಪ್ಪ ಬಳಿದಿದ್ದಾರೆ ಅಂತ ಅರ್ಥ.

ನೀರು ಬಂದದ್ದು ಎಲ್ಲಿಂದ?

ಇಲ್ಲಿ ನಿಧಾನವಾಗಿ ಹೋಗೋಣ. ನಮ್ಮ ಕಡೆಯ ಹತ್ತರಲ್ಲಿ ಎಂಟು ದೂರುಗಳು ಕೊನೆಗೆ ಬಂದು ನಿಲ್ಲುವುದು ಇಲ್ಲೇ ಎಂಬುದು ನನ್ನ ಅನುಭವ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಮಳೆಗೂ, 1,000 ಮಿ.ಮೀ. ಆಸುಪಾಸಿನ ಬೆಂಗಳೂರಿನ ಮಳೆಗೂ ಡಬ್ಬಿಯ ಮೇಲಿನ ಸೂಚನೆ ಒಂದೇ. ಅದನ್ನು ನಮ್ಮ ಊರಿಗೆ ಹೊಂದಿಸಿಕೊಳ್ಳುವುದು ನಮ್ಮ ಕೆಲಸ.

ಒಂದು ಸೀಮೆಸುಣ್ಣ ಹಿಡಿದು ಬಣ್ಣ ಎದ್ದ ಜಾಗಗಳಿಗೆಲ್ಲ ಗೀಟು ಹಾಕಿ. ಆಮೇಲೆ ಹತ್ತು ಹೆಜ್ಜೆ ಹಿಂದೆ ಬಂದು ನೋಡಿ. ಸುತ್ತಲೂ ಸಮನಾಗಿ ಎದ್ದಿದ್ದರೆ ತಪ್ಪು ಬಳಿದ ರೀತಿಯಲ್ಲಿದೆ. ಒಂದು ಕಡೆ ಗುಂಪುಗಟ್ಟಿದ್ದರೆ ಆ ಗುಂಪಿನ ಹತ್ತಿರವೇ ನೀರಿನ ಬಾಯಿ ಇದೆ. ನನ್ನ ಕಿಟಕಿಯ ಗೀಟುಗಳೆಲ್ಲ ಬಾಗಿಲಿನ ಕೆಳ ಅಡ್ಡಪಟ್ಟಿಯ ಎರಡು ಮೂಲೆಯಲ್ಲಿ, ಮತ್ತು ಅದರ ಕೆಳಗಿನ ಹೊಸಲಿನಲ್ಲಿ ಇದ್ದವು. ಮೇಲರ್ಧದಲ್ಲಿ ಒಂದೇ ಒಂದು ಗೀಟೂ ಇರಲಿಲ್ಲ. ಅಂದರೆ ಮಳೆ ಮುಖಕ್ಕೆ ಹೊಡೆದದ್ದರಿಂದ ಬಣ್ಣ ಎದ್ದದ್ದಲ್ಲ.

ಮರವನ್ನು ಒಂದು ಕಟ್ಟು ಕೊಳವೆ ಎಂದುಕೊಳ್ಳಿ. ಕೊಳವೆಗಳು ಮರದ ಉದ್ದಕ್ಕೆ ಮಲಗಿವೆ. ಹಲಗೆಯ ಮೈಗೆ ಬಿದ್ದ ನೀರು ಕೊಳವೆಯ ಗೋಡೆ ದಾಟಿ ಒಳಗೆ ಹೋಗಬೇಕು, ನಿಧಾನ. ಅಡ್ಡ ಕೊಯ್ದ ತುದಿಯಲ್ಲಿ ಮಾತ್ರ ಎಲ್ಲ ಕೊಳವೆಗಳೂ ಬಾಯಿ ತೆರೆದು ನಿಂತಿರುತ್ತವೆ. ಅಲ್ಲಿ ನೀರು ಹತ್ತಾರು ಪಟ್ಟು ವೇಗದಲ್ಲಿ ಏರುತ್ತದೆ. ಕಿಟಕಿ ಬಾಗಿಲಿನ ಕೆಳ ಅಂಚು, ಗೇಟಿನ ಪಟ್ಟಿಗಳ ತಲೆ, ಕಂಬದ ಬುಡ, ಬೆಂಚಿನ ಕಾಲಿನ ಅಡಿ, ಇವೆಲ್ಲ ಅಂಥ ತುದಿಗಳು. ಬಣ್ಣದ ಬ್ರಷ್ ಹೋಗದ ಜಾಗಗಳೂ ಇವೇ! ಕಣ್ಣಿಗೆ ಕಾಣುವುದಿಲ್ಲ, ಬಗ್ಗಬೇಕು, ಬಾಗಿಲು ಕಳಚಬೇಕು. ಯಾರು ಮಾಡುತ್ತಾರೆ?

ಒಂದು ಕನ್ನಡಿ ತುಂಡು ಕೆಳಗೆ ಹಿಡಿದು ನಿಮ್ಮ ಬಾಗಿಲಿನ ಅಡಿ ನೋಡಿ. ನಾನು ಹಿಡಿದಾಗ ಪಡುವಣ ಕಿಟಕಿಯ ಅಡಿಯಲ್ಲಿ ಬಣ್ಣವಿರಲಿ, ಪ್ರೈಮರ್ ಕೂಡ ಇರಲಿಲ್ಲ. ಗರಗಸದ ಗುರುತು ಹಾಗೆಯೇ ಇತ್ತು. ಮೂಡಲ ಕಿಟಕಿಯ ಅಡಿಯೂ ಬರಿದೇ. ಆದರೆ ಅದಕ್ಕೆ ಮುಂಗಾರಿನ ಗಾಳಿಮಳೆ ತಾಗುವುದಿಲ್ಲ, ಮೇಲೆ ಉದ್ದನೆಯ ಸೂರಿದೆ. ಹಾಗಾಗಿ ತಪ್ಪು ಎರಡರಲ್ಲೂ ಇದ್ದರೂ ಸಿಕ್ಕಿಬಿದ್ದದ್ದು ಒಂದು.

ಹೊಸಲಿನ ಅಡಿಗೂ ಕನ್ನಡಿ ಹಿಡಿಯಿರಿ. ಅಂಚಿನಿಂದ ಮುಕ್ಕಾಲು ಇಂಚು ಒಳಗೆ, ಉದ್ದಕ್ಕೂ ಒಂದು ಸಣ್ಣ ಗಾಡಿ, ಅಂದರೆ ಕಾಲುವೆಯಂಥ ಗೀರು, ಕೊರೆದಿರಬೇಕು. ಹೊಸಲಿನ ಮೇಲಿಂದ ಇಳಿದ ಹನಿ ಅಂಚು ಸುತ್ತಿ ಅಡಿಗೆ ಅಂಟಿಕೊಂಡೇ ಗೋಡೆಯ ಕಡೆಗೆ ಹರಿಯುತ್ತದೆ. ಗಾಡಿ ಇದ್ದರೆ ಅಲ್ಲಿಗೆ ಬಂದು ಮುಂದೆ ದಾಟಲಾರದೆ ಕೆಳಗೆ ಬೀಳುತ್ತದೆ. ಹಳೆಯ ಮನೆಗಳ ಕಿಟಕಿಯಲ್ಲಿ ಈ ಗಾಡಿ ಇರುತ್ತಿತ್ತು. ಈಗ ಕೊರೆಯುವುದು ಕಡಿಮೆ. ಹೊಸಲಿನ ಮೇಲ್ಮೈ ಹೊರಕ್ಕೆ ಇಳಿಜಾರಾಗಿದೆಯೇ ಎಂದೂ ನೋಡಿ. ಒಂದು ಲೋಟ ನೀರು ಹೊಯ್ದರೆ ಗೊತ್ತಾಗುತ್ತದೆ. ನಿಂತರೆ ತಪ್ಪು.

ಇನ್ನು ಕಂಬದ ಬುಡ. ಹಳೆಯ ಮನೆಗಳಲ್ಲಿ ಜಗಲಿ ಕಂಬ ಕಲ್ಲಿನ ಮೇಲೆ ನಿಂತಿರುತ್ತದೆ, ನೆಲಕ್ಕೆ ತಾಗುವುದಿಲ್ಲ. ಅದು ಚಂದಕ್ಕೆ ಇಟ್ಟ ಕಲ್ಲಲ್ಲ. ಮನೆ ರಿಪೇರಿ ಮಾಡುವಾಗ ಜಗಲಿಗೆ ಹೊಸ ಕಾಂಕ್ರೀಟು, ಅದರ ಮೇಲೆ ಟೈಲ್ಸ್ ಹಾಕಿ ನೆಲ ನಾಲ್ಕು ಇಂಚು ಏರಿಸುತ್ತಾರೆ. ಕಲ್ಲು ಮುಚ್ಚಿಹೋಗುತ್ತದೆ, ಕಂಬದ ಬುಡ ಸಿಮೆಂಟಿನ ಬಟ್ಟಲಲ್ಲಿ ಕೂತುಕೊಳ್ಳುತ್ತದೆ. ನೂರು ವರ್ಷ ನಿಂತ ಕಂಬ ಹತ್ತು ವರ್ಷದಲ್ಲಿ ಕುಂಬಾಗುತ್ತದೆ. ಅಂಥ ಕಂಬಕ್ಕೆ ಬುಡದಲ್ಲೇ ಬಣ್ಣ ಏಳುತ್ತಿದ್ದರೆ ಬಣ್ಣದ ಮಾತು ಬಿಡಿ. ಸುತ್ತಲಿನ ಸಿಮೆಂಟು ಒಡೆದು ಬುಡಕ್ಕೆ ಗಾಳಿ ಕೊಡಿ.

ಕುಂಬಾಗಿದೆಯೇ ಎಂದು ನೋಡಲು ಚೂರಿಯ ಮೊನೆಯನ್ನು ಬುಡಕ್ಕೆ ಒತ್ತಿ. ಗಟ್ಟಿ ಮರ ಮೊನೆಯನ್ನು ತಡೆಯುತ್ತದೆ. ಮೀಟಿದಾಗ ಉದ್ದನೆಯ ಸಿಗುರು ಬರುತ್ತದೆ. ಕುಂಬು ಮರದಲ್ಲಿ ಚೂರಿ ಹಲಸಿನ ಹಣ್ಣಿಗೆ ಹೋದ ಹಾಗೆ ಹೋಗುತ್ತದೆ, ಮೀಟಿದರೆ ಬೆಲ್ಲದ ಹಾಗೆ ತುಂಡುತುಂಡಾಗಿ ಮುರಿಯುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರಬಹುದು, ಮೋಸ ಹೋಗಬೇಡಿ. ಮರವನ್ನು ತಿನ್ನುವ ಅಣಬೆಗೆ ನೀರು ಬೇಕೇ ಬೇಕು. ಮರದ ತೇವ 20%ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಕುಂಬಾದ ತುಂಡನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದು ಹೊಸದು ಸೇರಿಸುವುದೇ ಸರಿ. ಪುಟ್ಟಿ ತುಂಬಿ ಮುಚ್ಚುವುದು ಆಗದ ಕೆಲಸ.

ಒಣಗಿದೆ ಎಂದು ತಿಳಿಯುವುದು ಹೇಗೆ?

ಬಣ್ಣ ಬಳಿಯಲು ಮರದ ತೇವ 15%ಕ್ಕಿಂತ ಕೆಳಗಿರಬೇಕು. ಗಾಳಿಯ ತೇವ 90% ಇರುವ ಆಷಾಢದಲ್ಲಿ, ಒಂದು ಹನಿ ಮಳೆ ತಾಗದ ಮರವೂ ಗಾಳಿಯಿಂದಲೇ ನೀರು ಹೀರಿ 20% ಆಸುಪಾಸಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಗಣೇಶನ ಹಬ್ಬಕ್ಕೆ ಮೊದಲು ಎರಡು ದಿನ ಬಿಸಿಲು ಬಂತೆಂದು ಬ್ರಷ್ ಹಿಡಿಯುವುದು ಬೇಡ.

ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಎರಡು ಮುಳ್ಳು ಚುಚ್ಚಿದರೆ ಅಂಕೆ ತೋರಿಸುತ್ತದೆ. ಅದಿಲ್ಲದವರಿಗೆ ನನ್ನ ಉಪಾಯ: ಅದೇ ಮರದ ಗೇಣುದ್ದದ ತುಂಡೊಂದನ್ನು ಕಿಟಕಿಯ ಪಕ್ಕದಲ್ಲೇ ಮಳೆ ತಾಗದ ಹಾಗೆ ನೇತುಹಾಕಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಬರೆದಿಡಿ. ನನ್ನದು ಅಕ್ಟೋಬರ್ ಕೊನೆಯಿಂದ ಪ್ರತಿ ವಾರ ಇಳಿಯುತ್ತಾ ಬಂತು. ಜನವರಿ ನಡುವೆ ಇಳಿಯುವುದು ನಿಂತಿತು. ತುಂಡಿಗಿಂತ ಚೌಕಟ್ಟು ದಪ್ಪ, ಹಾಗಾಗಿ ಇನ್ನೂ ಒಂದು ತಿಂಗಳು ಬಿಟ್ಟೆ. ನಮ್ಮ ಕಡೆ ಫೆಬ್ರವರಿ, ಮಾರ್ಚ್ ಒಳ್ಳೆಯ ತಿಂಗಳು. ಚಳಿಗಾಲದಲ್ಲಿ ಬೆಳಗಿನ ಇಬ್ಬನಿ ಆರುವ ಮೊದಲು ಶುರು ಮಾಡಬಾರದು, ಸಂಜೆ ನಾಲ್ಕರ ನಂತರವೂ ಬಳಿಯಬಾರದು. ರಾತ್ರಿಯ ಇಬ್ಬನಿ ಹಸಿ ಎನಾಮೆಲ್ ಮೇಲೆ ಕೂತರೆ ಹೊಳಪು ಹೋಗಿ ಮಂಜು ಹಿಡಿದ ಗಾಜಿನಂತಾಗುತ್ತದೆ.

ಅಂಟಂಟಾಗಿ ಉಳಿದರೆ

ಎರಡು ದಿನವಾದರೂ ಬಣ್ಣ ಕೈಗೆ ಅಂಟುತ್ತಿದೆಯೇ? ಮೊದಲು ಕೇಳಬೇಕಾದ್ದು ಬಣ್ಣಕ್ಕೆ ಏನು ಬೆರೆಸಿದಿರಿ ಎಂದು. ಟರ್ಪೆಂಟೈನ್ ಬದಲು ಸೀಮೆಎಣ್ಣೆ ಹಾಕುವ ಚಟ ನಮ್ಮಲ್ಲಿ ಇದೆ. ಅದು ನಿಧಾನಕ್ಕೆ ಆರುತ್ತದೆ, ಜಿಡ್ಡು ಬಿಟ್ಟುಹೋಗುತ್ತದೆ.

ಮರ ಸಾಗುವಾನಿಯಾಗಿದ್ದರೆ ಕಾರಣ ಬೇರೆ ಇರಬಹುದು. ಸಾಗುವಾನಿಯ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ, ತನ್ನದೇ ಎಣ್ಣೆಯಂಥ ಪದಾರ್ಥವಿದೆ. ಗೆದ್ದಲು, ಮಳೆಯಿಂದ ಅದನ್ನು ಕಾಯುವುದೂ ಇದೇ, ಎಣ್ಣೆ ಬಣ್ಣ ಒಣಗದಂತೆ ತಡೆಯುವುದೂ ಇದೇ. ತಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಬಣ್ಣ ಹತ್ತುವುದು ನಿಂತ ಮೇಲೆ ಅದೇ ದಿನ ಪ್ರೈಮರ್ ಬಳಿಯಬೇಕು. ನಾಳೆ ಎಂದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಮೂರನೆಯದು ಹಿಂದೆ ಯಾರೋ ಹಚ್ಚಿದ ಎಣ್ಣೆ. ಹಬ್ಬಕ್ಕೆ ಮುಂಬಾಗಿಲಿಗೆ ಕೊಬ್ಬರಿ ಎಣ್ಣೆ ಒರೆಸುವವರಿದ್ದಾರೆ, ಗೇಟಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವವರಿದ್ದಾರೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಒಣಗಿ ಪೊರೆಯಾಗುವ ಎಣ್ಣೆಗಳಲ್ಲ. ಅವು ವರ್ಷಗಟ್ಟಲೆ ಜಿಡ್ಡಾಗಿಯೇ ಉಳಿದು ಧೂಳು, ಬೂಷ್ಟು ಹಿಡಿಯುತ್ತವೆ. ಒಣಗುವ ಜಾತಿಯದು ಅಗಸೆ ಎಣ್ಣೆ. ಸುಟ್ಟ ಆಯಿಲ್ ಕುಡಿದ ಮರಕ್ಕೆ ಬಣ್ಣ ಹಿಡಿಸುವುದು ಕಷ್ಟದ ಮಾತು. ಅಂಥ ಗೇಟನ್ನು ಹಾಗೇ ಬಿಡಿ ಎನ್ನುವುದು ನನ್ನ ಸಲಹೆ. ಕರಾವಳಿಯಲ್ಲಿ ದೋಣಿಗೆ, ಮರಕ್ಕೆ ಗೇರು ಸಿಪ್ಪೆಯ ಎಣ್ಣೆ ಹಚ್ಚುವ ರೂಢಿಯಿದೆ. ಮರಕ್ಕೆ ಒಳ್ಳೆಯದೇ, ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ.

ಅಗಸೆ ಎಣ್ಣೆಯ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ತಂತಿಗೆ ಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕಪ್ಪು, ಕಂದು, ಹಸಿರು ಕಲೆಗಳು

ಕಪ್ಪು ಚುಕ್ಕೆ ಎದ್ದಿದ್ದರೆ ಅದು ಕೊಳೆಯೋ ಬೂಷ್ಟೋ ಎಂದು ತಿಳಿಯಲು ಬಟ್ಟೆಗೆ ಹಾಕುವ ಬ್ಲೀಚ್ ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಕಪ್ಪು ಮಾಸಿದರೆ ಬೂಷ್ಟು, ಹಾಗೇ ಇದ್ದರೆ ಕೊಳೆ. ಬೂಷ್ಟಿನ ಮೇಲೆ ಹಾಗೆಯೇ ಬಣ್ಣ ಬಳಿದರೆ ಅದು ಹೊಸ ಬಣ್ಣವನ್ನೂ ದಾಟಿ ಬರುತ್ತದೆ. ಒಂದು ಪಾಲು ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚ್ ಜೊತೆ ಆಸಿಡ್ ಆಗಲಿ ಬೇರೆ ಕ್ಲೀನರ್ ಆಗಲಿ ಬೆರೆಸಬೇಡಿ, ವಿಷದ ಹೊಗೆ ಏಳುತ್ತದೆ.

ಮೊಳೆಯ ಸುತ್ತ ಮಸಿ ಹರಡಿದ ಹಾಗೆ ನೀಲಿಗಪ್ಪು ಕಲೆ ಇದ್ದರೆ ಅದು ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದು. ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಸಂಗತಿ. ಬ್ಲೀಚ್‌ಗೆ ಇದು ಬಗ್ಗುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ಆಕ್ಸಾಲಿಕ್ ಆಸಿಡ್ ಪುಡಿ ಹಾಕಿ ಹಚ್ಚಿದರೆ ಹೋಗುತ್ತದೆ. ಅದು ವಿಷ, ಗ್ಲೌಸ್ ಹಾಕಿಕೊಳ್ಳಿ. ಮೊದಲೇ ಬ್ಲೀಚ್ ಹಚ್ಚಿದ್ದರೆ ಪೂರ್ತಿ ತೊಳೆದು ಒಣಗಿದ ಮೇಲೆಯೇ ಇದು. ಮೊಳೆ ಬದಲಿಸದೆ ಕಲೆ ತೆಗೆದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಕಾರವಾರ, ಮಂಗಳೂರಿನ ಉಪ್ಪುಗಾಳಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಟ್ಟು ಬೇರೆ ಯೋಚಿಸಬೇಡಿ.

ಬಿಳಿ ಬಣ್ಣದ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಇಳಿದಿದ್ದರೆ ಮರ ಯಾವುದೆಂದು ನೋಡಿ. ಹೊನ್ನೆಯ ಲೋಟದಲ್ಲಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ಕಂದಾಗುತ್ತದೆ. ಅದೇ ರಸ ಬಣ್ಣದ ಒಳಗಿನಿಂದಲೂ ಬರುತ್ತದೆ. ಇಂಥ ಮರಕ್ಕೆ ಕಲೆ ತಡೆಯುವ ಪ್ರೈಮರ್ ಮೊದಲು ಬೇಕು. ಗಂಟುಗಳ ಮೇಲೆ ಮಾತ್ರ ಕಲೆ ಕಂಡರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಎರಡು ಕೈ ಬಳಿದು ಮುಂದುವರಿಯಿರಿ.

ಹಸಿರು ಪಾಚಿಗೆ ಏನೂ ತಲೆಕೆಡಿಸಿಕೊಳ್ಳಬೇಡಿ. ಮೇಲೆ ಬಾಗಿ ನೆರಳು ಹಾಕುವ ಕೊಂಬೆ ಕಡಿಯಿರಿ.

ಬಿರುಕು, ಹುಳು

ನಾರಿನ ಉದ್ದಕ್ಕೆ ಕೂದಲೆಳೆಯ ಬಿರುಕು ಬಂದಿದ್ದರೆ ಬಣ್ಣ ಗಡುಸಾಗಿದೆ, ಮರದ ಹಿಗ್ಗು-ಕುಗ್ಗಿಗೆ ಬಗ್ಗುತ್ತಿಲ್ಲ. ಮರ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಡ್ಡಕ್ಕೆ ಮಾತ್ರ. ಎನಾಮೆಲ್ ವರ್ಷ ಕಳೆದಂತೆ ಗಾಜಿನಂತೆ ಗಡುಸಾಗುತ್ತದೆ. ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿದ್ದರೆ ವರ್ಷವರ್ಷ ದೀಪಾವಳಿಗೆ ಒಂದು ಕೈ ಬಳಿದು ಬಳಿದು ಪದರ ದಪ್ಪವಾಗಿದೆ. ಪೂರ್ತಿ ಕೆರೆಯುವುದೊಂದೇ ದಾರಿ. ಹೊಸದಾಗಿ ಬಳಿಯುವಾಗ ಹೊರಗಿನ ಮರಕ್ಕೆಂದೇ ಬರುವ ಅಕ್ರಿಲಿಕ್ ಬಣ್ಣ ನೋಡಿ. ಅದು ಹೆಚ್ಚು ಬಗ್ಗುತ್ತದೆ, ಒಳಗಿನ ತೇವವನ್ನೂ ಸ್ವಲ್ಪ ಹೊರಬಿಡುತ್ತದೆ. ಹೊಳಪು ಕಡಿಮೆ ಎಂದು ಮನೆಯಲ್ಲಿ ಆಕ್ಷೇಪ ಬರಬಹುದು.

ಮರದ ಚಂದ ಕಾಣಲಿ ಎಂದು ಹೊರಬಾಗಿಲಿಗೆ ಪಾರದರ್ಶಕ ವಾರ್ನಿಷ್ ಹೊಡೆಸುವುದನ್ನು ನಾನು ಒಪ್ಪುವುದಿಲ್ಲ. ಬಿಸಿಲು ಅದನ್ನು ದಾಟಿ ಒಳಗಿನ ಮರವನ್ನೇ ಸುಡುತ್ತದೆ. ಒಂದೆರಡು ವರ್ಷಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಮರ ಕಾಣಲೇಬೇಕೆಂದರೆ ಬಣ್ಣದ ಅಂಶವಿರುವ, ಮರದೊಳಗೆ ಇಂಗುವ ಸ್ಟೇನ್ ಅಥವಾ ಎಣ್ಣೆ ಹಚ್ಚಿ. ಅದು ಏಳುವುದಿಲ್ಲ, ಮಾಸುತ್ತದೆ ಅಷ್ಟೇ. ವರ್ಷಕ್ಕೊಮ್ಮೆ ಒರೆಸಿ ಮತ್ತೊಂದು ಕೈ ಹಚ್ಚಿದರಾಯಿತು. ಸೂರಿನ ಒಳಗೆ ಇರುವ ಬಾಗಿಲಿಗೆ ವಾರ್ನಿಷ್ ನಡೆಯುತ್ತದೆ.

ಬಣ್ಣದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳು. ಚೇಗಿಗಿಂತ ಹೊರಗಿನ ಬಿಳಿ ಮರ ಅದಕ್ಕೆ ಇಷ್ಟ. ಮಣ್ಣಿನ ಸುರಂಗ ಕಂಡರೆ ಗೆದ್ದಲು. ಬೋರಾಕ್ಸ್, ಬೋರಿಕ್ ಆಸಿಡ್ ಕುಡಿಸಿದ ಮರಕ್ಕೆ ಈ ಕಾಟ ಕಡಿಮೆ, ಆದರೆ ಅದು ಮಳೆಗೆ ತೊಳೆದುಹೋಗುವ ಮದ್ದು. ಮೇಲೆ ಬಣ್ಣ ಬೇಕೇ ಬೇಕು.

ಪಡುವಣ ಕಿಟಕಿಗೆ ಮಾಡಿದ್ದು

ಹಳೆ ಬಣ್ಣ ಕೆರೆಯುವ ಮೊದಲು ಒಂದು ಮಾತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್ ಇದ್ದರೆ ಸೀಸವಿದೆ ಎಂದೇ ತಿಳಿದು ಕೆಲಸ ಮಾಡಿ. ಒಣ ಬಣ್ಣವನ್ನು ಹಾಗೆಯೇ ಉಜ್ಜಬೇಡಿ, ಬೆಂಕಿಯಲ್ಲಿ ಸುಡಬೇಡಿ. ನೀರು ಚಿಮುಕಿಸುತ್ತಾ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಮಕ್ಕಳನ್ನು ದೂರ ಇಡಿ.

ಬಾಗಿಲು ಕಳಚಿ ಎರಡು ಸ್ಟೂಲ್ ಮೇಲೆ ಮಲಗಿಸಿದೆ. ಕೆಳ ಅಡ್ಡಪಟ್ಟಿಯ ಬಲ ಮೂಲೆಗೆ ಚೂರಿ ಅರ್ಧ ಇಂಚು ಹೋಯಿತು. ಆಚಾರರು ಅಷ್ಟನ್ನು ಕೊಯ್ದು ಹಲಸಿನದೇ ತುಂಡು ಕೂರಿಸಿದರು. ಉಳಿದದ್ದು ಗಟ್ಟಿಯಿತ್ತು. 80ರ ಉಪ್ಪುಕಾಗದದಲ್ಲಿ ಹಳದಿ ಬಣ್ಣ ಬರುವವರೆಗೆ ಉಜ್ಜಿ, 120ರಲ್ಲಿ ಮುಗಿಸಿದೆ. ಇನ್ನೂ ನುಣ್ಣಗೆ ಮಾಡಬಾರದು, ಪ್ರೈಮರ್‌ಗೆ ಹಿಡಿಯಲು ಸ್ವಲ್ಪ ಒರಟು ಬೇಕು. ಉಜ್ಜಿದ ದಿನವೇ ಪ್ರೈಮರ್.

ಅಡಿಯ ತುದಿಗಳಿಗೆ ಮೊದಲ ಕೈಯನ್ನು ತೆಳ್ಳಗೆ ಬಳಿದೆ. ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಕ್ಷಣದಲ್ಲಿ ಹೀರಿಕೊಂಡಿತು. ಎರಡನೆಯದೂ ಹೀರಿತು. ಮೂರನೆಯದು ಮೇಲೆ ನಿಂತಿತು. ಅಲ್ಲಿಗೆ ಕೊಳವೆಗಳ ಬಾಯಿ ಮುಚ್ಚಿತು ಎಂದುಕೊಂಡೆ. ಆಮೇಲೆ ಎಲ್ಲ ಕಡೆ, ಕಾಣದ ಬೆನ್ನಿಗೂ ಅಂಚಿಗೂ ಸೇರಿ, ಎರಡು ಕೈ ಬಣ್ಣ. ಹೊಸಲಿನ ಅಡಿಗೆ ಕಾಲು ಇಂಚು ಅಗಲ, ಕಾಲು ಇಂಚು ಆಳದ ಗಾಡಿ ಹೊಡೆಸಿದೆ. ಅದಕ್ಕೆ ಹಿಡಿದದ್ದು ಹದಿನೈದು ನಿಮಿಷ.

ಮೊದಲ ಜೋರು ಮಳೆಗೆ ಹೊರಗೆ ನಿಂತು ನೋಡಿದೆ. ಗಾಡಿಯ ಉದ್ದಕ್ಕೂ ಹನಿಗಳು ಸಾಲಾಗಿ ನಿಂತು, ಒಂದೊಂದಾಗಿ ನೇರ ಕೆಳಗೆ ಬೀಳುತ್ತಿದ್ದವು. ಗೋಡೆ ಒಣಗಿತ್ತು. ಈಗ ಮೂರು ಮಳೆಗಾಲ ಕಳೆದಿದೆ. ಹೊಸ ತುಂಡು ಸೇರಿಸಿದ ಸಂದಿನಲ್ಲಿ ಕಳೆದ ವರ್ಷ ಕೂದಲೆಳೆಯಷ್ಟು ಗೆರೆ ಬಿಟ್ಟಿದೆ. ಫೆಬ್ರವರಿಯಲ್ಲಿ ಅದನ್ನು ಬಿಡಿಸಿ ಪ್ರೈಮರ್ ಕುಡಿಸಬೇಕು. ಮೂಡಲ ಕಿಟಕಿಯ ಬಾಗಿಲನ್ನೂ ಅದೇ ವಾರ ಕಳಚುವುದೆಂದು ಇಟ್ಟುಕೊಂಡಿದ್ದೇನೆ, ಅದರ ಅಡಿ ಇನ್ನೂ ಬರಿದಾಗಿಯೇ ಇದೆ.